ಹಿಸ್ಸೆಯಾದರೆ ಹೆಚ್ಚುವ ಆಸ್ತಿ

ಮಲೆನಾಡಿನ ಮನೆಗಳಲ್ಲಿ ‘ಹಿಸ್ಸೆ’ ಎಂಬ ಮಾತು ಎದ್ದಿತೆಂದರೆ ಹಿರಿಯರ ಮುಖ ಬಾಡುತ್ತದೆ. ತೋಟದ ಅಡಿಕೆ ಮರಗಳನ್ನು ಎಣಿಸಬೇಕು, ಗದ್ದೆಯನ್ನು ಅಳೆಯಬೇಕು, ಹಿತ್ತಾಳೆಯ ಹಂಡೆ ಯಾರಿಗೆ, ಅಟ್ಟದ ಮೇಲಿನ ಪೆಟ್ಟಿಗೆ ಯಾರಿಗೆ ಎಂದು ಪಂಚರು ಕುಳಿತು ತೀರ್ಮಾನಿಸಬೇಕು. ನಾಲ್ಕು ಎಕರೆ ತೋಟ ನಾಲ್ವರು ಅಣ್ಣತಮ್ಮಂದಿರಿಗೆ ಒಂದೊಂದು ಎಕರೆಯಾಗುತ್ತದೆ. ಮುಂದಿನ ತಲೆಮಾರಿಗೆ ಅದು ಗುಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಪಾಲಾದಷ್ಟೂ ಕಿರಿದಾಗುವುದೇ ಆಸ್ತಿಯ ಸ್ವಭಾವವೆಂದು ನಾವೆಲ್ಲ ನಂಬಿದ್ದೇವೆ. ಭೂಮಿಯ ಮಟ್ಟಿಗೆ ಆ ನಂಬಿಕೆ ಸರಿಯೇ. ಆದರೆ ಅದೇ ಮನೆಯ ಅಂಗಳದ ಅಂಚಿನಲ್ಲಿ, ಯಾವ ಹಿಸ್ಸೆಪತ್ರದಲ್ಲೂ ನಮೂದಾಗದ ಒಂದು ಆಸ್ತಿ ಇದೆ. ಪಾಲು ಮಾಡಿದಷ್ಟೂ ಅದು ಹೆಚ್ಚುತ್ತದೆ. ಪಾಲು ಮಾಡದೆ ಇಟ್ಟುಕೊಂಡರೆ ಇಟ್ಟುಕೊಂಡವರ ಕೈಯಲ್ಲಿಯೇ ಕೊಳೆತುಹೋಗುತ್ತದೆ. ಅದು ಡೇರೆ ಗಡ್ಡೆ. ಅದನ್ನು ಭೂಮಿಯಂತೆ ಭಾವಿಸಿ ಬಚ್ಚಿಟ್ಟುಕೊಳ್ಳುವವರ ವಿರುದ್ಧ ಈ ಸಲ ನನ್ನ ಲೇಖನಿ.

ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಹುಟ್ಟಿ ಬೆಳೆದ ಮೊಮ್ಮಕ್ಕಳ ಸಲುವಾಗಿ ಒಂದು ಮಾತು: ನೀವು ಡೇಲಿಯಾ ಎನ್ನುವ ಹೂವನ್ನೇ ಶಿರಸಿ, ಸಿದ್ದಾಪುರ, ಸಾಗರದ ಸೀಮೆಯವರು ಡೇರೆ ಎನ್ನುತ್ತಾರೆ. ಮುಂಗಾರಿಗೆ ಮುನ್ನ ನೆಟ್ಟ ಗಡ್ಡೆ, ಆಕಾಶ ಕಳಚಿ ಬಿದ್ದಂತೆ ಮಳೆ ಹೊಯ್ಯುವ ದಿನಗಳಲ್ಲಿ ಬೆಳೆದು, ಶ್ರಾವಣ ಭಾದ್ರಪದಗಳಲ್ಲಿ ಹೂವಾಗುತ್ತದೆ. ಹೊರಗೆ ಕಾಲಿಡಲಾಗದ ಆ ಕತ್ತಲೆಯ ತಿಂಗಳುಗಳಲ್ಲಿ ಅಂಗಳದಲ್ಲಿ ಬಣ್ಣವೆಂದು ಇರುವುದು ಅದೊಂದೇ. ಚೌತಿಯ ಗಣಪತಿಗೆ ಅದು ಬೇಕು, ಹೆಣ್ಣುಮಕ್ಕಳ ಮುಡಿಗೆ ಅದು ಬೇಕು. ನಮ್ಮ ಕಡೆಯ ಹೆಂಗಸರು ಎಷ್ಟು ಬಣ್ಣದ ಡೇರೆ ಇದೆ ಎಂದು ಪರಸ್ಪರ ಕೇಳಿಕೊಳ್ಳುವಾಗ ಅವರ ದನಿಯಲ್ಲಿ ಇರುವ ಗಾಂಭೀರ್ಯವನ್ನು, ಅವರ ಗಂಡಂದಿರು ಅಡಿಕೆಯ ಧಾರಣೆ ಕೇಳುವಾಗ ಮಾತ್ರ ನೀವು ಕಾಣಬಲ್ಲಿರಿ.

ಹೀಗೆ ಪ್ರೀತಿಸುವವರಲ್ಲಿಯೇ ಒಂದು ಕೆಟ್ಟ ಅಭ್ಯಾಸ ಬೇರೂರಿದೆ. ಅಪರೂಪದ ಬಣ್ಣವೊಂದು ಮನೆಗೆ ಬಂದರೆ ಅದನ್ನು ನೆರೆಯವರ ಕಣ್ಣಿಗೆ ಬೀಳದಂತೆ ಹಿತ್ತಲಿನಲ್ಲಿ ನೆಡುವುದು. ಗಡ್ಡೆ ಕೇಳಿದರೆ “ಈ ವರ್ಷ ಚಿಗುರಿಯೇ ಇಲ್ಲ ಅತ್ತಿಗೆ” ಎಂದು ಮಾತು ತೇಲಿಸುವುದು. ತೀರ ಒತ್ತಾಯ ಮಾಡಿದರೆ ಕಣ್ಣಿಲ್ಲದ ಗಡ್ಡೆಯೊಂದನ್ನು ಮುರಿದು ಕೊಟ್ಟು ಕೈತೊಳೆದುಕೊಳ್ಳುವುದು. ಕದ್ದ ಗಿಡವೇ ಚೆನ್ನಾಗಿ ಚಿಗುರುತ್ತದೆ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿರಲಾರದು. ಕೇಳಿದವರಿಗೆ ಕಣ್ಣಿಲ್ಲದ ಗಡ್ಡೆ ಸಿಕ್ಕಿ, ಕದ್ದವರಿಗೆ ಕಣ್ಣಿರುವ ಗಡ್ಡೆ ಸಿಕ್ಕಿದ್ದರೆ ಚಿಗುರುವುದು ಯಾವುದು? ಇದರಲ್ಲಿ ಪವಾಡವೇನೂ ಇಲ್ಲ, ಕೊಡುವವರ ಜಿಪುಣತನವಿದೆ.

ಈ ಜಿಪುಣತನದ ಸಮರ್ಥನೆಗಾಗಿ ನಾನು ಕೇಳಿರುವ ವಾದ ಇದು: “ಎಲ್ಲರ ಮನೆಯಲ್ಲೂ ಇದ್ದರೆ ಅದಕ್ಕೆ ಬೆಲೆಯೇನು ಮಾಸ್ತರೇ? ನಮ್ಮಲ್ಲಿ ಮಾತ್ರ ಇದ್ದರೆ ತಳಿ ಭದ್ರವಾಗಿರುತ್ತದೆ.” ಬೆಲೆಯ ಮಾತನ್ನು ಸದ್ಯಕ್ಕೆ ಬದಿಗಿಡೋಣ. ‘ಭದ್ರ’ ಎಂಬ ಮಾತು ಮಾತ್ರ ಶುದ್ಧ ಸುಳ್ಳು. ಏಕೆಂಬುದನ್ನು ಹಳೆಯ ಅಭ್ಯಾಸದಂತೆ ಸ್ವಲ್ಪ ಪಾಠದ ಧಾಟಿಯಲ್ಲಿಯೇ ಹೇಳುತ್ತೇನೆ. ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಈಗ ನನಗಿಲ್ಲವಾದ್ದರಿಂದ ನೀವು ನಿರ್ಭಯವಾಗಿ ಓದಬಹುದು.

ಭತ್ತವನ್ನೋ ಹರಿವೆಯನ್ನೋ ಬೀಜದಿಂದ ಬೆಳೆಸಿದರೆ ಮಕ್ಕಳು ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತವೆ. ಡೇರೆ ಹಾಗಲ್ಲ. ಬಹುಪಾಲು ಜೀವಿಗಳ ಜೀವಕೋಶಗಳಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ, ತೋಟದ ಡೇರೆಯಲ್ಲಿ ಎಂಟು ಗಣಗಳಿವೆ. ಒಟ್ಟು ವರ್ಣತಂತುಗಳು 64. ಬೀಜ ಕಟ್ಟುವಾಗ ಇವೆಲ್ಲ ಇಸ್ಪೀಟಿನ ಎಲೆಗಳಂತೆ ಕಲೆಸಿಹೋಗುತ್ತವೆ. ಒಂದೇ ಹೂವಿನ ಹತ್ತು ಬೀಜ ಬಿತ್ತಿದರೆ ಹತ್ತು ಬಗೆಯ ಹೂ ಬಂದೀತು. ತಾಯಿಯ ಹೂವಿನ ಪಡಿಯಚ್ಚು ಅವುಗಳಲ್ಲಿ ಒಂದೂ ಇರುವುದಿಲ್ಲ. ಹೊಸ ಬಣ್ಣ ಬೇಕೆನ್ನುವವರಿಗೆ ಇದು ವರ. ಇರುವ ಬಣ್ಣ ಉಳಿಯಬೇಕೆನ್ನುವವರಿಗೆ ಮಾತ್ರ ಬೀಜದಿಂದ ಪ್ರಯೋಜನವಿಲ್ಲ. ನಿಮ್ಮ ಅಜ್ಜಿ ಬೆಳೆಸುತ್ತಿದ್ದ, ಅಂಚಿಗೆ ಬಿಳಿಯ ಗೆರೆಯಿರುವ ಕುಂಕುಮ ಬಣ್ಣದ ಡೇರೆ ಉಳಿಯಬೇಕಾದರೆ ಆಕೆಯ ಗಡ್ಡೆಯ ತುಂಡೇ ಬೇಕು, ಇಲ್ಲವೆ ಆ ಗಿಡದ ಕುಡಿಯೇ ಬೇಕು. ಆ ಗಡ್ಡೆ ಒಂದು ಮಳೆಗಾಲದಲ್ಲಿ ಕೊಳೆತರೆ, ಹಂದಿಯೋ ಹೆಗ್ಗಣವೋ ಅಗೆದು ತಿಂದರೆ, ಆ ಬಣ್ಣ ಮುಗಿದಂತೆ. ಯಾವ ಅಂಗಡಿಯಲ್ಲಿ ಎಷ್ಟು ಹಣ ಸುರಿದರೂ ಅದೇ ಗಿಡ ಮರಳಿ ಬಾರದು.

ಅಂದಮೇಲೆ ಒಂದೇ ಅಂಗಳದಲ್ಲಿರುವ ತಳಿ ಭದ್ರವೋ, ಹತ್ತು ಅಂಗಳಗಳಲ್ಲಿರುವ ತಳಿ ಭದ್ರವೋ? ಐದನೆಯ ತರಗತಿಯ ಲೆಕ್ಕವಿದು.

ಡೇರೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇದರ ಮೂಲ ನೆಲೆ ಮೆಕ್ಸಿಕೊ. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನಕ್ಕೆ ಹೋಗಿ ಹೂಬಿಟ್ಟ ಗಿಡಕ್ಕೆ 1791ರಲ್ಲಿ ಕವಾನಿಯೆಸ್ ಎಂಬ ಸಸ್ಯವಿಜ್ಞಾನಿ ಡೇಲಿಯಾ ಎಂದು ಹೆಸರಿಟ್ಟರು. ಲಿನೇಯಸ್ ಎಂಬ ಮಹಾಗುರುವಿನ ಶಿಷ್ಯನಾಗಿದ್ದ, 1789ರಲ್ಲಿ ತೀರಿಕೊಂಡ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬವರ ನೆನಪಿನ ಹೆಸರದು. ಮುಂದೆ 1872ರಲ್ಲಿ ಮೆಕ್ಸಿಕೊದಿಂದ ಹಾಲೆಂಡಿಗೆ ಒಂದು ಪೆಟ್ಟಿಗೆ ಗಡ್ಡೆಗಳು ಹೊರಟವು. ದೀರ್ಘ ಪ್ರಯಾಣದಲ್ಲಿ ಎಲ್ಲವೂ ಕೊಳೆತು, ಜೀವ ಉಳಿಸಿಕೊಂಡದ್ದು ಒಂದೇ ಒಂದು ಗಡ್ಡೆ. ಅದನ್ನು ಪಡೆದಾತ ಅದನ್ನು ಬೆಳೆಸಿ ಹೆಚ್ಚಿಸಿದ. ಎಸಳುಗಳು ಹಿಂದಕ್ಕೆ ಸುರುಳಿಯಾಗಿ ಮುಳ್ಳಿನಂತೆ ಚೂಪಾಗುವ ಕೆಂಪು ಹೂ ಅದರಲ್ಲಿ ಅರಳಿತು. ಮೆಕ್ಸಿಕೊದ ಅಧ್ಯಕ್ಷ ಹುವಾರೆಸ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಇಂದು ಕ್ಯಾಕ್ಟಸ್ ಡೇಲಿಯಾ ಎಂದು ಕರೆಯುವ ಇಡೀ ವಂಶ ಆ ಒಂದು ಗಡ್ಡೆಯಿಂದ ಇಳಿದುಬಂದದ್ದು. ಆತ ಅದನ್ನು ನಮ್ಮವರಂತೆ ಹಿತ್ತಲಿನಲ್ಲಿ ಮುಚ್ಚಿಟ್ಟುಕೊಂಡಿದ್ದರೆ ಮೊದಲ ಕಠಿಣ ಚಳಿಗಾಲಕ್ಕೇ ಕಥೆ ಮುಗಿಯುತ್ತಿತ್ತು.

ಇನ್ನೊಂದು ಉದಾಹರಣೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದಲ್ಲಿ 1924ರಲ್ಲಿ ಫ್ರೆಡ್ ಟ್ರೆಸೆಡರ್ ಎಂಬಾತ ಬೀಜದಿಂದ ಒಂದು ಸಸಿ ಪಡೆದ. ಕಡುಗೆಂಪು ಹೂ, ಕಪ್ಪು ಛಾಯೆಯ ಎಲೆ. ‘ಬಿಷಪ್ ಆಫ್ ಲಾಂಡಾಫ್’ ಎಂಬ ಹೆಸರಿನ ಆ ಗಿಡ ನೂರು ವರ್ಷ ದಾಟಿ ಇಂದಿಗೂ ಜಗತ್ತಿನ ತೋಟಗಳಲ್ಲಿ ಹೂ ಬಿಡುತ್ತಿದೆ. ಆ ಹೆಸರಿಗೆ ನಿಜವಾಗಿ ಸಲ್ಲುವ ಪ್ರತಿಯೊಂದು ಗಿಡವೂ ಟ್ರೆಸೆಡರನ ಆ ಒಂದೇ ಸಸಿಯಿಂದ, ಕೈಯಿಂದ ಕೈಗೆ ಪಾಲಾಗುತ್ತ ಬಂದ ತುಂಡು. ಆತ ಇಲ್ಲ, ಅಂದಿನ ಬಿಷಪ್ಪರೂ ಇಲ್ಲ, ಸಸಿ ಇದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಜಗತ್ತಿನ ಡೇಲಿಯಾ ತಳಿಗಳ ಹೆಸರುಗಳನ್ನು ನೋಂದಾಯಿಸುವ ಸಂಸ್ಥೆ. ಆ ಪಟ್ಟಿಯಲ್ಲಿ 50,000ಕ್ಕೂ ಹೆಚ್ಚು ಹೆಸರುಗಳಿವೆ. ಎಷ್ಟೋ ಹೆಸರುಗಳ ಗಿಡ ಇಂದು ಎಲ್ಲಿಯೂ ಇಲ್ಲ. ಪುಸ್ತಕದಲ್ಲಿ ಹೆಸರು ಬರೆದಿಟ್ಟರೆ ಗಡ್ಡೆ ಚಿಗುರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ನಮ್ಮ ಮಲೆನಾಡಿನ ಡೇರೆಗಳಿಗೆ ಅಂತಹ ಪಟ್ಟಿಯ ಭಾಗ್ಯವೂ ಇಲ್ಲ. ‘ಅಕ್ಕನ ಮನೆಯ ನೇರಳೆ’, ‘ಮಾವಿನಹಣ್ಣಿನ ಬಣ್ಣದ್ದು’ ಎಂಬಂತಹ ಹೆಸರುಗಳು ಒಂದು ಕೇರಿಯ ಆಚೆಗೆ ಯಾರಿಗೂ ಅರ್ಥವಾಗವು. ಅಷ್ಟರ ಮೇಲೆ ಊರಿನ ಮನೆಗಳ ಇಂದಿನ ಸ್ಥಿತಿ ನಿಮಗೆ ಗೊತ್ತೇ ಇದೆ. ಮಕ್ಕಳು ದೂರದಲ್ಲಿ, ಮನೆಯಲ್ಲಿ ಇಬ್ಬರು ವೃದ್ಧರು. ಆಮೇಲೆ ಒಬ್ಬರು. ಆಮೇಲೆ ಬಾಗಿಲಿಗೆ ಬೀಗ. ಬೀಗ ಬಿದ್ದ ಮನೆಯ ಅಂಗಳಕ್ಕೆ ಮೊದಲ ಮಳೆಗಾಲದಲ್ಲಿ ಹುಲ್ಲು, ಎರಡನೆಯದರಲ್ಲಿ ಕಳೆಯ ಪೊದೆ. ಹಂಡೆ ಕೊಡಗಳನ್ನು ಮಕ್ಕಳು ಬಂದು ಕಾರಿನಲ್ಲಿ ತುಂಬಿಕೊಂಡು ಹೋಗುತ್ತಾರೆ, ತಾಯಿಯ ಸೀರೆಗಳನ್ನು ಸೊಸೆಯಂದಿರು ಹಂಚಿಕೊಳ್ಳುತ್ತಾರೆ. ಆಕೆ ನಲವತ್ತು ವರ್ಷ ಮಳೆಯಲ್ಲಿ ನೆನೆದು ಉಳಿಸಿದ ಗಡ್ಡೆಗಳು ಮಣ್ಣಿನಲ್ಲಿಯೇ ಕೊಳೆಯುತ್ತವೆ. ಆಕೆ ಬದುಕಿದ್ದಾಗ ಯಾರಿಗೂ ಕೊಟ್ಟಿರದಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಯಾರಿಗಾದರೂ ಕೊಟ್ಟಿದ್ದರೆ ಅವರ ಮನೆಯಿಂದ ಮಗಳು ಒಂದು ತುಂಡು ಕೇಳಿ ತರಬಹುದು. ಕೊಟ್ಟವರ ಮನೆತನಕ್ಕೇ ಕೊಟ್ಟದ್ದು ಮರಳಿ ಬರುವ ದಾರಿ ಇದು.

ಈ ಮಾತಿಗೆ ಎದುರಾಗುವ ಆಕ್ಷೇಪಗಳನ್ನೂ ನೋಡೋಣ.

ಮೊದಲನೆಯದು, “ಅದು ಪರದೇಶದ ಹೂ, ಅದರ ಮೇಲೆ ಇಷ್ಟು ಮಮತೆ ಏಕೆ?” ದೀಪಾವಳಿಗೆ ಗೋವಿನ ಕೊರಳಿಗೂ ಬಾಗಿಲ ತೋರಣಕ್ಕೂ ಕಟ್ಟುವ ದೊಡ್ಡ ಚೆಂಡುಹೂವಿನ ಮೂಲವೂ ಮೆಕ್ಸಿಕೊದ ಸೀಮೆಯೇ. ಸಾರಿಗೆ ಹಾಕುವ ಮೆಣಸಿನಕಾಯಿ, ಹಿತ್ತಲಿನ ಪೇರಲೆ, ಪಪ್ಪಾಯಿ, ಬೇಣದ ಗೇರು, ಎಲ್ಲವೂ ಅಮೆರಿಕ ಖಂಡಗಳಿಂದಲೇ ಬಂದವು. ಮೆಣಸಿನಕಾಯಿಯನ್ನು ಹೊರಹಾಕಿ ಸಾರು ಕುದಿಸುವ ಧೈರ್ಯವುಳ್ಳವರು ಮಾತ್ರ ಡೇರೆಯನ್ನು ಪರದೇಶಿ ಎನ್ನಲಿ.

ಎರಡನೆಯದು ನಮ್ಮ ಗಂಡಸರದು: “ಇದೆಲ್ಲ ಹೆಂಗಸರ ಕಾಲಹರಣ.” ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು. ಯಾವ ಗಡ್ಡೆಯಲ್ಲಿ ಕಣ್ಣಿದೆ, ಯಾವ ಗಿಡಕ್ಕೆ ರೋಗ ತಗುಲಿದೆ, ಯಾವ ಬಣ್ಣ ಯಾವ ಊರಿನಿಂದ ಬಂತು ಎಂಬುದನ್ನೆಲ್ಲ ಕಾಗದ ಲೇಖನಿಗಳಿಲ್ಲದೆ ದಶಕಗಳ ಕಾಲ ತಲೆಯಲ್ಲಿ ಇಟ್ಟುಕೊಂಡು ನಡೆಸಿದ ಕೆಲಸ ಕಾಲಹರಣವಾದರೆ, ಸೊಸೈಟಿಯ ಕಟ್ಟೆಯ ಮೇಲೆ ಕುಳಿತು ಧಾರಣೆ ಚರ್ಚಿಸುವುದನ್ನು ಏನೆಂದು ಕರೆಯೋಣ? ಶಿರಸಿಯ ‘ವನಸ್ತ್ರೀ’ ಸಂಘಟನೆಯ ಮಹಿಳೆಯರು ತರಕಾರಿ ಬೀಜಗಳನ್ನು ಮನೆಯಿಂದ ಮನೆಗೆ ಹಂಚಿ ಉಳಿಸುತ್ತ ಬಂದಿರುವುದು ಇದೇ ಜ್ಞಾನದ ಬಲದಿಂದ.

ಮೂರನೆಯದು ನಗರವಾಸಿಗಳ ಮಾತು: “ಬೇಕಾದಾಗ ನರ್ಸರಿಯಲ್ಲಿ ಸಿಗುತ್ತದೆಯಲ್ಲ?” ಸಿಗುತ್ತದೆ; ಹೂ ಅರಳಿದ ಕುಂಡವನ್ನೇ ತರಬಹುದು. ಹೂ ಮುಗಿದೊಡನೆ ಗಿಡ ಸತ್ತಿತೆಂದು ಕುಂಡದ ಸಮೇತ ಕಸಕ್ಕೆ ಹಾಕುವುದನ್ನೂ ನಾನು ಕಂಡಿದ್ದೇನೆ. ಅದು ಸತ್ತಿರಲಿಲ್ಲ, ಮಲಗಿತ್ತು! ಕಾಂಡ ಒಣಗಿದರೂ ಮಣ್ಣಿನೊಳಗೆ ಗಡ್ಡೆಗೆ ಜೀವವಿರುತ್ತದೆ; ಮುಂದಿನ ವರ್ಷ ಮೂರು ಕುಂಡವಾಗಬಲ್ಲದ್ದನ್ನು ಎಸೆದು, ಮತ್ತೆ ಹಣ ಕೊಟ್ಟು ಒಂದನ್ನೇ ತರುವುದು ಯಾವ ಜಾಣತನ? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಟಿಕೆಟ್ ಕೊಂಡು, ಸರದಿಯಲ್ಲಿ ನಿಂತು ಹೂ ನೋಡಿ ಬನ್ನಿ, ಸಂತೋಷ. ಮರಳಿ ಬಂದಮೇಲೆ ನಿಮ್ಮ ಬಾಲ್ಕನಿಯ ಕುಂಡದ ಗಡ್ಡೆಯನ್ನೂ ಒಮ್ಮೆ ಕೆದಕಿ ನೋಡಿ.

ನಾಲ್ಕನೆಯದು ಮಾತ್ರ ತೂಕವುಳ್ಳ ಆಕ್ಷೇಪ: “ಗಡ್ಡೆಯ ಜೊತೆಗೆ ರೋಗವನ್ನೂ ಹಂಚಿದಂತಾಗುವುದಿಲ್ಲವೇ?” ಆಗಬಹುದು. ಡೇರೆಗೆ ಮೊಸಾಯಿಕ್ ಎಂಬ ನಂಜುರೋಗವಿದೆ. ಎಲೆಯ ನರಗಳ ಗುಂಟ ಹಳದಿಯಾಗುತ್ತದೆ, ಗಿಡ ಕುಳ್ಳಾಗುತ್ತದೆ. ಗಿಡಹೇನುಗಳು ಅದನ್ನು ಹರಡುತ್ತವೆ, ಗಡ್ಡೆಯ ಮೂಲಕವೂ ಅದು ಮುಂದಿನ ವರ್ಷಕ್ಕೆ ಸಾಗುತ್ತದೆ. ಅಂತಹ ಗಿಡವನ್ನು ಪಾಲು ಮಾಡಬಾರದು, ಯಾರಿಗೂ ಕೊಡಬಾರದು, ಕಿತ್ತು ಸುಡಬೇಕು. ಆದರೆ ಇದೇ ಕಾರಣದಿಂದ ಆರೋಗ್ಯವಂತ ಗಿಡ ಮೊದಲೇ ನಾಲ್ಕು ಊರು ಸೇರಿರಬೇಕು. ನಿಮ್ಮ ಅಂಗಳಕ್ಕೆ ರೋಗ ಬಂದ ವರ್ಷ ಅದೇ ತಳಿ ಇನ್ನೊಂದು ಊರಿನಲ್ಲಿ ನಿರೋಗಿಯಾಗಿ ಉಳಿದಿರುತ್ತದೆ.

ಇನ್ನು ಪಾಲು ಮಾಡುವ ಕ್ರಮ. ಬರಿಯ ಉಪದೇಶ ಮಾಡಿ ಎದ್ದುಹೋಗುವುದು ಮಾಸ್ತರರಿಗೆ ಶೋಭಿಸದು.

ಹೂ ಮುಗಿದು ಕಾಂಡ ಒಣಗಿದ ಮೇಲೆ ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿ, ನೀರು ನಿಲ್ಲಿಸಿ. ಡೇರೆಯ ಕಾಂಡ ಟೊಳ್ಳು; ಕೊಯ್ದ ಬಾಯಿಯಿಂದ ನೀರು ಇಳಿದರೆ ಗಡ್ಡೆಯ ನೆತ್ತಿಯೇ ಕೊಳೆಯುತ್ತದೆ. ಕುಂಡದಲ್ಲಿದ್ದರೆ ಹಾಗೆಯೇ ಮಳೆ ತಾಗದ ನೆರಳಿನಲ್ಲಿಡಿ; ನೆಲದಲ್ಲಿದ್ದರೆ ಅಗೆದು ತೆಗೆದು ಒಣ ಮರಳಿನಲ್ಲಿ ಹುಗಿದಿಡಿ. ಏಪ್ರಿಲ್ ಕೊನೆ, ಮೇ ತಿಂಗಳ ಹೊತ್ತಿಗೆ ಕಣ್ಣುಗಳು ಉಬ್ಬುತ್ತವೆ. ಪಾಲು ಮಾಡುವ ಕಾಲ ಅದೇ. ಕಣ್ಣು ಎಲ್ಲಿದೆ ಎಂಬುದು ಆಗ ಕುರುಡರಿಗೂ ಬೆರಳಿಗೆ ಸಿಗುತ್ತದೆ.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಆಲೂಗಡ್ಡೆ ಕಾಂಡ, ಡೇರೆ ಗಡ್ಡೆ ಬೇರು ಎಂದು ಶಾಲೆಯಲ್ಲಿ ಓದಿದ್ದು ನೆನಪಿದೆಯೇ? ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಈಗ ಉಪಯೋಗಕ್ಕೆ ಬರುತ್ತದೆ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆ ಗಡ್ಡೆಯ ಮೈಯಲ್ಲಿ ಕಣ್ಣೇ ಇಲ್ಲ. ಗಡ್ಡೆಯ ಕುತ್ತಿಗೆ ಹಳೆಯ ಕಾಂಡದ ಬುಡಕ್ಕೆ ಸೇರುವ ನೆತ್ತಿಯಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಪ್ರತಿ ಪಾಲಿಗೂ ಒಂದು ಗಡ್ಡೆ, ಮುರಿಯದ ಕುತ್ತಿಗೆ, ನೆತ್ತಿಯ ಒಂದು ಚೂರು, ಅದರಲ್ಲಿ ಕನಿಷ್ಠ ಒಂದು ಕಣ್ಣು, ಇಷ್ಟೂ ಇರಲೇಬೇಕು. ಹೆಬ್ಬೆರಳ ಗಾತ್ರದ ಗಡ್ಡೆಯಾದರೂ ಕಣ್ಣಿದ್ದರೆ ಸಾಕು. ಮೂಲಂಗಿಯಷ್ಟು ದಪ್ಪವಿದ್ದರೂ ಕಣ್ಣಿಲ್ಲದಿದ್ದರೆ ಅದು ಎಂದಿಗೂ ಚಿಗುರದು. ಚೂರಿ ಹರಿತವಾಗಿರಲಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅದನ್ನು ತೊಳೆದು ಬೆಂಕಿಗೆ ಹಿಡಿಯಿರಿ. ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ, ಒಂದೆರಡು ದಿನ ನೆರಳಿನಲ್ಲಿ ಆರಲು ಬಿಡಿ.

ನೆಡುವಾಗ ಏರುಮಡಿ ಮಾಡಿ, ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಮೇಲಿರುವಂತೆ ನಾಲ್ಕು ಬೆರಳು ಆಳದಲ್ಲಿಡಿ. ಆಸರೆಯ ಅಡಿಕೆ ದಬ್ಬೆಯನ್ನು ಆಗಲೇ ನೆಟ್ಟುಬಿಡಿ. ಆಮೇಲೆ ಚುಚ್ಚಿದರೆ ಗಡ್ಡೆಗೇ ಇರಿದೀತು. ಕೊಳೆತ ಕೊಟ್ಟಿಗೆ ಗೊಬ್ಬರ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುತ್ತದೆ. ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಎಳೆಯ ಕುಡಿಗಳನ್ನು ಗೆಣ್ಣಿನ ಕೆಳಗೆ ಕೊಯ್ದು ಮರಳುಮಣ್ಣಿನಲ್ಲಿ ಊರಿ. ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ, ಮಳೆಗಾಲ ಮುಗಿಯುವುದರೊಳಗೆ ತನ್ನದೇ ಗಡ್ಡೆಯನ್ನೂ ಕಟ್ಟುತ್ತದೆ. ಒಂದು ಬುಡ ಕಣ್ಣೆದುರೇ ಹತ್ತಾಗುವ ಈ ಲೆಕ್ಕದ ಮುಂದೆ “ಕೊಟ್ಟರೆ ನಮಗೇನು ಉಳಿಯುತ್ತದೆ?” ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಪಾಲು ಮಾಡದೆ ಬಿಟ್ಟ ಬುಡದ ಗತಿಯನ್ನೂ ನೋಡಿದ್ದೀರಿ: ವರ್ಷ ವರ್ಷ ಇಕ್ಕಟ್ಟಾಗಿ, ಹುಲ್ಲಿನಂತೆ ಸಣಕಲು ಚಿಗುರು ಒತ್ತೊತ್ತಾಗಿ ಎದ್ದು, ಹೂ ಕಿರಿದಾಗುತ್ತ, ನಡುವಿನ ಹಳೆಯ ಗಡ್ಡೆ ಕೊಳೆಯತೊಡಗುತ್ತದೆ. ಕೊಡದವರ ಮನೆಯ ಹೂವೇ ಮೊದಲು ಸೊರಗುವುದು.

ಗಡ್ಡೆ ಮಾರುವುದನ್ನು ನಾನು ವಿರೋಧಿಸುತ್ತಿಲ್ಲ. ವರ್ಷವಿಡೀ ಮನೆಯ ದುಡಿಮೆ ಮಾಡಿಯೂ ಕೈಯಲ್ಲಿ ತನ್ನದೆನ್ನುವ ಕಾಸಿಲ್ಲದ ಹೆಣ್ಣುಮಗಳು ಡೇರೆ ಮಾರಿ ನಾಲ್ಕು ಕಾಸು ಕಂಡರೆ ಅದು ನ್ಯಾಯದ ದುಡ್ಡು. ಮಾರಾಟವೂ ತಳಿಯನ್ನು ಇನ್ನೊಂದು ಅಂಗಳಕ್ಕೆ ಮುಟ್ಟಿಸುತ್ತದೆ. ಬೆಲೆಯ ಮಾತು ಎತ್ತಿದವರಿಗೂ ಇದೇ ಉತ್ತರ: ಕೊಯ್ದು ಹೆಚ್ಚಿಸಿದ ಗಡ್ಡೆಗೆ ಬೆಲೆಯಿದೆ, ಮಣ್ಣಿನಲ್ಲಿ ಕೊಳೆತ ಗಡ್ಡೆಗೆ ಇಲ್ಲ. ನನ್ನ ಜಗಳವಿರುವುದು ಕೊಡದೆ, ಮಾರದೆ, ಪಾಲನ್ನೂ ಮಾಡದೆ, ‘ನಮ್ಮಲ್ಲಿ ಮಾತ್ರ ಇದೆ’ ಎಂಬ ಒಂದು ಮಾತಿಗಾಗಿ ಜೀವವೊಂದನ್ನು ಒತ್ತೆಯಿಟ್ಟುಕೊಂಡವರೊಡನೆ.

ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಈ ಬೇಸಿಗೆಗೆ ಮನೆಗೆಲಸ ಕೊಡುತ್ತಿದ್ದೇನೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಬಂದಾಗ ಅಮ್ಮನನ್ನೋ ಅತ್ತೆಯನ್ನೋ ಚಿಕ್ಕಮ್ಮನನ್ನೋ ಕೂರಿಸಿಕೊಂಡು ಅವರಲ್ಲಿರುವ ಪ್ರತಿ ಡೇರೆಯ ಬಣ್ಣ, ಕರೆಯುವ ಹೆಸರು, ಬಂದ ಮನೆ ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಚೂರಿ ಬೂದಿ ಹಿಡಿದು ಅಂಗಳಕ್ಕಿಳಿಯಿರಿ. ಪ್ರತಿ ತಳಿಯ ಒಂದೊಂದು ಪಾಲು, ಮೂರು ಬೇರೆ ಬೇರೆ ಊರುಗಳ ಮೂರು ಮನೆಗಳಿಗೆ ಹೋಗಬೇಕು. ಯಾರಿಗೆ ಕೊಟ್ಟಿರಿ ಎಂಬುದೂ ಅದೇ ಪುಸ್ತಕದಲ್ಲಿರಲಿ. ಕೊಡುವ ಗಡ್ಡೆಗೆ ಕಣ್ಣಿದೆಯೇ ಎಂದು ಮಾತ್ರ ಎರಡು ಸಲ ನೋಡಿ ಕೊಡಿ.

ನಮ್ಮ ಅಂಗಳದಲ್ಲಿ ಈ ವರ್ಷ ಹದಿನೇಳು ಬಣ್ಣಗಳಿವೆ. ಬೇಕಾದವರು ಮೇ ಹದಿನೈದರೊಳಗೆ ಬನ್ನಿ. ಗಡ್ಡೆ ಕಟ್ಟಿಕೊಳ್ಳಲು ಹಳೆಯ ಪತ್ರಿಕೆ ನೀವೇ ತರಬೇಕು. ಬರುವಾಗ ನಿಮ್ಮಲ್ಲಿರುವುದರ ಒಂದು ಪಾಲನ್ನೂ ತನ್ನಿ.